ಉಬಿನ್, ಲಾಜರಸ್, ಕುಸು: ಸಿಂಗಪುರದ ಗದ್ದಲ ಬಿಟ್ಟು ಒಂದು ದಿನಕ್ಕೆ ಯಾವ ದ್ವೀಪ?

ಊರಿಂದ ಸಿಂಗಪುರಕ್ಕೆ ಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಮರೀನಾ ಬೇ, ಗಾರ್ಡನ್ಸ್ ಬೈ ದ ಬೇ, ಯೂನಿವರ್ಸಲ್ ಸ್ಟುಡಿಯೋಸ್, ಝೂ, ಕೊನೆಗೆ ಮುಸ್ತಫಾ ಅಂಗಡಿಯಲ್ಲಿ ಚಾಕಲೇಟು ಖರೀದಿ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಬಂದವರಲ್ಲಿ ಯಾರಾದರೂ ಒಬ್ಬರು, ಸಾಮಾನ್ಯವಾಗಿ ಅಪ್ಪ ಅಥವಾ ಮಾವ, ಕೇಳಿಯೇ ಕೇಳುತ್ತಾರೆ: "ಈ ಊರಲ್ಲಿ ಒಂದಿಷ್ಟು ಮಣ್ಣಿನ ದಾರಿ, ಮರಗಿಡ ಇರೋ ಜಾಗ ಇಲ್ವೇನಪ್ಪಾ?"

ಇದೆ, ಆದರೆ ದೋಣಿ ಹತ್ತಬೇಕು. ಸಿಂಗಪುರ ಅಂದರೆ ಒಂದು ದ್ವೀಪ ಅಲ್ಲ, ಅರವತ್ತಕ್ಕೂ ಮೇಲ್ಪಟ್ಟ ದ್ವೀಪಗಳ ಗುಂಪು. ಅವುಗಳಲ್ಲಿ ಹಲವು ಸೇನೆಯ ಕೈಯಲ್ಲೋ ತೈಲ ಕಾರ್ಖಾನೆಗಳ ಕೈಯಲ್ಲೋ ಇವೆ. ನಮ್ಮ ನಿಮ್ಮಂಥವರು ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ಸದ್ದಿಲ್ಲದ ದ್ವೀಪಗಳು ಬೆರಳೆಣಿಕೆ: ಈಶಾನ್ಯಕ್ಕೆ ಪುಲಾವ್ ಉಬಿನ್, ದಕ್ಷಿಣಕ್ಕೆ ಸೇಂಟ್ ಜಾನ್ಸ್, ಅದಕ್ಕೆ ಕಾಲುದಾರಿಯಲ್ಲಿ ಸೇರಿಕೊಂಡಿರುವ ಲಾಜರಸ್, ಅವುಗಳ ಪಕ್ಕದ ಕುಸು, ಮತ್ತೆ ಇತ್ತೀಚೆಗೆ ತೆರೆದ ಬಿಗ್ ಸಿಸ್ಟರ್ಸ್. ಸೆಂಟೋಸಾವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದೂ ದ್ವೀಪವೇ, ಆದರೆ ಮಾನೋರೈಲು, ಕ್ಯಾಸಿನೋ, ಕ್ಯೂ ಎಲ್ಲ ಇರುವ ಕಡೆಗೆ ನೆಮ್ಮದಿ ಹುಡುಕಿಕೊಂಡು ಹೋಗುವುದು ಬೇಡ.

ಈ ದ್ವೀಪಗಳನ್ನು ಹೋಲಿಸುವಾಗ ಎಲ್ಲರೂ "ಅಲ್ಲಿ ಏನು ನೋಡೋದಿದೆ" ಅಂತ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ದೋಣಿ. ದೋಣಿ ಹೇಗೆ ಹೊರಡುತ್ತದೆ ಅನ್ನುವುದರ ಮೇಲೆಯೇ ನಿಮ್ಮ ಇಡೀ ದಿನ ನಿಂತಿದೆ.

ದೋಣಿ: ತುಂಬಿದ ಮೇಲೆ ಹೊರಡುವುದೋ, ಗಂಟೆಗೆ ಹೊರಡುವುದೋ

ಉಬಿನ್‌ಗೆ ಹೋಗುವ ದೋಣಿಗೆ ಇಲ್ಲಿ ಬಂಬೋಟ್ ಅಂತಾರೆ. ಚಾಂಗಿ ವಿಲೇಜ್‌ನಲ್ಲಿರುವ ಚಾಂಗಿ ಪಾಯಿಂಟ್ ಫೆರಿ ಟರ್ಮಿನಲ್‌ನಿಂದ ಹೊರಡುತ್ತದೆ. ಟಿಕೆಟ್ ಕೌಂಟರ್ ಇಲ್ಲ, ಮುಂಗಡ ಬುಕಿಂಗ್ ಇಲ್ಲ, ವೇಳಾಪಟ್ಟಿಯೂ ಇಲ್ಲ. ನಮ್ಮೂರ ಕಡೆ ಟೆಂಪೋ ಹೊರಡುವ ಹಾಗೆಯೇ, ಸೀಟು ತುಂಬಿದರೆ ಹೊರಟಿತು. ಲೆಕ್ಕ ಹನ್ನೆರಡು ಜನ. ಹನ್ನೆರಡನೆಯವರು ಬರುವತನಕ ಬೆಂಚಿನ ಮೇಲೆ ಕೂತಿರಬೇಕು, ಇಲ್ಲವೇ ಇರುವವರೇ ಹನ್ನೆರಡು ಜನರ ದುಡ್ಡು ಹಂಚಿಕೊಂಡು ಕೊಡಬೇಕು. ಒಬ್ಬರಿಗೆ ಒಂದು ಸಲಕ್ಕೆ 4 ಸಿಂಗಪುರ ಡಾಲರ್. ಅಂದರೆ ಪೂರ್ತಿ ದೋಣಿಗೆ 48. ಸ್ವಂತ ಸೈಕಲ್ ತಂದರೆ ಅದಕ್ಕೆ ಬೇರೆ ಚಾರ್ಜು. ದುಡ್ಡನ್ನು ಕೈಗೇ ಕೊಡುವ ಪದ್ಧತಿ, ಆದ್ದರಿಂದ ಚಿಲ್ಲರೆ ನೋಟು ಜೇಬಿನಲ್ಲಿರಲಿ.

ಶನಿವಾರ, ಭಾನುವಾರ ಬೆಳಿಗ್ಗೆ ಹನ್ನೆರಡು ಜನ ಸೇರುವುದಕ್ಕೆ ಐದು ನಿಮಿಷ ಸಾಕು. ವಾರದ ಮಧ್ಯೆ ಮಧ್ಯಾಹ್ನ ಹೋದರೆ ಕಾಯುವುದಿದೆ. ಆ ಕಾಯುವಿಕೆಯನ್ನು ಸಹಿಸದವರು ಉಬಿನ್‌ಗೆ ಹೋಗುವುದೇ ಬೇಡ ಅಂತ ನಾನು ಹೇಳುತ್ತೇನೆ. ಯಾಕೆಂದರೆ ಅಲ್ಲಿನ ಇಡೀ ಬದುಕೇ ಆ ಗತಿಯದ್ದು. ಹತ್ತಿದ ಮೇಲೆ ಮಾತ್ರ ಹತ್ತು–ಹದಿನೈದು ನಿಮಿಷದ ಹಾದಿ. ಪಕ್ಕಕ್ಕೆ ಹಳೇ ಟಯರು ಕಟ್ಟಿದ ಮರದ ದೋಣಿ, ಡೀಸೆಲ್ ವಾಸನೆ, ಎದುರಿಗೆ ಮಲೇಷ್ಯಾದ ಜೊಹೊರ್ ತೀರ, ತಲೆ ಮೇಲೆ ಚಾಂಗಿಗೆ ಇಳಿಯುತ್ತಿರುವ ವಿಮಾನ.

ಒಂದು ಎಚ್ಚರಿಕೆ. ಅದೇ ಟರ್ಮಿನಲ್‌ನಿಂದ ಮಲೇಷ್ಯಾದ ಪೆಂಗೆರಾಂಗ್‌ಗೂ ದೋಣಿ ಹೋಗುತ್ತದೆ. ಅದಕ್ಕೆ ಪಾಸ್‌ಪೋರ್ಟು, ಇಮಿಗ್ರೇಶನ್ ಎಲ್ಲ ಬೇಕು. ಉಬಿನ್ ಸಿಂಗಪುರದ್ದೇ ನೆಲ, ಅದಕ್ಕೆ ಏನೂ ಬೇಡ. ಯಾವ ಸಾಲಿನಲ್ಲಿ ನಿಂತಿದ್ದೀರಿ ಅಂತ ಒಮ್ಮೆ ಕೇಳಿಕೊಳ್ಳಿ.

ದಕ್ಷಿಣದ ದ್ವೀಪಗಳ ವ್ಯವಹಾರ ಪೂರಾ ಬೇರೆ. ಮರೀನಾ ಸೌತ್ ಪಿಯರ್ ಅನ್ನುವ ಎಂಆರ್‌ಟಿ (ಇಲ್ಲಿನ ಮೆಟ್ರೋ) ನಿಲ್ದಾಣ ಇದೆ, ಕೆಂಪು ಲೈನಿನ ಕೊಟ್ಟಕೊನೆ. ಹೊರಗೆ ಬಂದರೆ ಎದುರಿಗೇ ಪಿಯರ್. ಎಸಿ ಇರುವ ದೊಡ್ಡ ಫೆರಿ, ಆನ್‌ಲೈನ್ ಟಿಕೆಟ್, ಹೋಗಿ ಬರುವುದಕ್ಕೆ ತಲಾ ಸುಮಾರು 15 ಡಾಲರ್. ಒಂದೇ ಟಿಕೆಟ್‌ನಲ್ಲಿ ಸೇಂಟ್ ಜಾನ್ಸ್‌ನಲ್ಲಿ ಇಳಿದು, ಮುಂದಿನ ಫೆರಿ ಹಿಡಿದು ಕುಸುವಿಗೂ ಹೋಗಿ ವಾಪಸ್ ಬರಬಹುದು. ಆದರೆ ವಾರದ ದಿನಗಳಲ್ಲಿ ಫೆರಿಗಳು ಕೆಲವೇ ಕೆಲವು. ಶನಿವಾರ, ಭಾನುವಾರ ಸ್ವಲ್ಪ ಜಾಸ್ತಿ. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು, ಕೊನೆಯದು ತಪ್ಪಿದರೆ ಖಾಸಗಿ ದೋಣಿಯವರು ಕೇಳಿದಷ್ಟು ಕೊಡಬೇಕು. ಕೊನೆಯ ಫೆರಿಯ ಹೊತ್ತು ಋತುವಿಗೆ ತಕ್ಕ ಹಾಗೆ, ಕಂಪನಿಗೆ ತಕ್ಕ ಹಾಗೆ ಬದಲಾಗುತ್ತಿರುತ್ತದೆ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ, ಆಮೇಲೆ ಅದನ್ನೊಂದು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಹಾಗಾಗಿ ನಾಲ್ಕು ಜನರ ಮನೆಗೆ ದೋಣಿ ಖರ್ಚು ಉಬಿನ್‌ಗೆ 32 ಡಾಲರ್, ದಕ್ಷಿಣಕ್ಕೆ 60ರ ಆಸುಪಾಸು. ದುಡ್ಡಿನ ವ್ಯತ್ಯಾಸಕ್ಕಿಂತ ಮನಸ್ಸಿನ ಸ್ಥಿತಿಯ ವ್ಯತ್ಯಾಸ ದೊಡ್ಡದು. ಉಬಿನ್‌ನಲ್ಲಿ ಗಡಿಯಾರ ನೋಡಬೇಕಿಲ್ಲ, ಕತ್ತಲಾಗುವ ಮೊದಲು ಜೆಟ್ಟಿಗೆ ಬಂದರಾಯಿತು. ಸೂರ್ಯ ಮುಳುಗುವುದು ವರ್ಷವಿಡೀ ಏಳು ಗಂಟೆಯ ಹತ್ತಿರ, ಆರಕ್ಕೆ ದೋಣಿ ಹತ್ತಿದರೆ ಚಿಂತೆಯಿಲ್ಲ. ದಕ್ಷಿಣದಲ್ಲಿ ಮಾತ್ರ ದಿನವಿಡೀ ಅರ್ಧ ಕಣ್ಣು ಗಡಿಯಾರದ ಮೇಲೆ.

ಉಬಿನ್: ಹಳ್ಳಿ ಇನ್ನೂ ಉಳಿದಿರುವ ದ್ವೀಪ

ಸುಮಾರು 10 ಚದರ ಕಿಲೋಮೀಟರ್ ವಿಸ್ತಾರ. ಈ ಪಟ್ಟಿಯ ಉಳಿದ ದ್ವೀಪಗಳನ್ನೆಲ್ಲ ಒಟ್ಟಿಗೆ ಸೇರಿಸಿದರೂ ಇದರ ಮುಂದೆ ಏನೂ ಅಲ್ಲ. ಒಂದು ಕಾಲಕ್ಕೆ ಇಲ್ಲಿ ಕಲ್ಲುಕ್ವಾರಿಗಳದ್ದೇ ರಾಜ್ಯ. 1851ರಲ್ಲಿ ಮುಗಿದ ಹಾರ್ಸ್‌ಬರೋ ದೀಪಸ್ತಂಭಕ್ಕೆ, ಸಿಂಗಪುರವನ್ನೂ ಮಲೇಷ್ಯಾವನ್ನೂ ಸೇರಿಸುವ ಕಾಸ್‌ವೇಗೆ (ಕಡಲಿಗೆ ಅಡ್ಡ ಕಟ್ಟಿದ ರಸ್ತೆ) ಇಲ್ಲಿಂದಲೇ ಗ್ರಾನೈಟ್ ಹೋಯಿತು. ಆಗ ಸಾವಿರಗಟ್ಟಲೆ ಜನ ಇಲ್ಲಿ ಬದುಕಿದ್ದರು. ಕ್ವಾರಿಗಳು ಒಂದೊಂದಾಗಿ ಮುಚ್ಚಿದವು, 1990ರ ದಶಕ ಮುಗಿಯುವ ಹೊತ್ತಿಗೆ ಕಲ್ಲು ಒಡೆಯುವ ಸದ್ದೇ ನಿಂತಿತು. ಈಗ ಉಳಿದಿರುವುದು ಕೆಲವೇ ಡಜನ್ ಮಂದಿ, ಬಹುಪಾಲು ವಯಸ್ಸಾದವರು. ಊರಿನ ವಿದ್ಯುತ್ ಜಾಲ ಇಲ್ಲಿಗೆ ಬಂದಿಲ್ಲ, ಜನರೇಟರ್ ಮತ್ತು ಸೋಲಾರ್ ಮೇಲೆ ಬದುಕು. ಬಾವಿಯ ನೀರು. ತಗಡಿನ ಮಾಡು, ಮರದ ಗೋಡೆ, ಅಂಗಳದಲ್ಲಿ ಕೋಳಿ. ಕ್ವಾರಿಯ ಹೊಂಡಗಳಲ್ಲಿ ನೀರು ತುಂಬಿ ಕೆರೆಗಳಾಗಿವೆ. ಪೆಕನ್ ಕ್ವಾರಿಯ ಹತ್ತಿರ ನಿಂತರೆ ಎದುರಿನ ಮರಗಳ ಮೇಲೆ ಕೊಕ್ಕರೆಗಳು ಗುಂಪಾಗಿ ಕೂತಿರುವುದು ಕಾಣುತ್ತದೆ. ಕಾಡಿನ ನಡುವೆ ನೆಟ್ಟು ಬಿಟ್ಟ ಹಲಸು, ತೆಂಗು, ರಬ್ಬರು, ದುರಿಯನ್ ಇದ್ದೇ ಇವೆ. ಯಾರೋ ಇದ್ದ ತೋಟ ಅಂತ ನೋಡಿದ ಕೂಡಲೇ ನಮ್ಮವರಿಗೆ ಗೊತ್ತಾಗುತ್ತದೆ.

ಜೆಟ್ಟಿಯಿಂದ ಇಳಿದು ಊರಿನ ಒಳಗೆ ಬಂದರೆ ಸಾಲಾಗಿ ಸೈಕಲ್ ಬಾಡಿಗೆ ಅಂಗಡಿಗಳು. ದಿನಕ್ಕೆ ಎಂಟು–ಹತ್ತು ಡಾಲರ್‌ನಿಂದ ಶುರು, ಗೇರು ಬ್ರೇಕು ಚೆನ್ನಾಗಿರುವುದಕ್ಕೆ ಜಾಸ್ತಿ. ಬಣ್ಣ ನೋಡಬೇಡಿ, ಅಂಗಡಿ ಎದುರೇ ಒಂದು ಸುತ್ತು ಹೊಡೆದು ಎರಡೂ ಬ್ರೇಕು ಒತ್ತಿ ನೋಡಿ, ಸೀಟು ಎತ್ತರ ಸರಿಮಾಡಿಸಿಕೊಳ್ಳಿ. ಉಬಿನ್‌ನ ರಸ್ತೆ ಸಮತಟ್ಟಲ್ಲ. ಏರು ಬಂದಾಗ ಇಳಿದು ತಳ್ಳಬಹುದು, ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಏನು ಮಾಡುವುದು? ಸೈಕಲ್ ಬಾರದವರು, ಮಂಡಿ ನೋವಿನವರು ಬೇಸರ ಪಡಬೇಕಿಲ್ಲ. ಬಾಡಿಗೆ ವ್ಯಾನುಗಳಿವೆ, ಎಷ್ಟಾಗುತ್ತದೆ, ವಾಪಸ್ ಯಾವಾಗ ಬರುತ್ತಾರೆ ಅಂತ ಹತ್ತುವ ಮೊದಲೇ ಮಾತಾಡಿಕೊಂಡರೆ ಸಾಕು.

ಉಬಿನ್‌ಗೆ ಹೋಗುವುದಾದರೆ ಹೋಗಬೇಕಾದದ್ದು ಚೆಕ್ ಜಾವಾಕ್ಕೆ. ದ್ವೀಪದ ಪೂರ್ವ ತುದಿ, ಜೆಟ್ಟಿಯಿಂದ ಮೂರು ಕಿಲೋಮೀಟರ್ ಅನ್ನಬಹುದು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಳು, ಕೆಸರು, ಕಲ್ಲುದಂಡೆ, ಕಡಲಹುಲ್ಲು ಎಲ್ಲ ಒಂದೇ ಕಡೆ ಸೇರುವ ಜಾಗ. ಇದು ಇವತ್ತು ಇರುವುದೇ ಒಂದು ಪವಾಡ. ಕಡಲು ಮುಚ್ಚಿ ನೆಲ ಮಾಡುವ ಯೋಜನೆಯಲ್ಲಿ ಈ ಜಾಗವೂ ಸೇರಿತ್ತು. 2000ದ ಕೊನೆಯಲ್ಲಿ ಇಳಿತದ ಹೊತ್ತಿಗೆ ಇಲ್ಲಿಗೆ ಬಂದ ನಿಸರ್ಗಪ್ರಿಯರು ಕೆಸರಿನಲ್ಲಿ ಏನೇನಿದೆ ಅಂತ ನೋಡಿ ದಂಗಾದರು. ಸುದ್ದಿ ಹಬ್ಬಿತು. ಮಣ್ಣಿನಡಿ ಹೋಗುವ ಮೊದಲು ಒಮ್ಮೆ ನೋಡೋಣ ಅಂತ ಜನ ಸಾಲುಗಟ್ಟಿ ಬಂದರು, ಸ್ವಯಂಸೇವಕರು ಜೀವಿಗಳ ಲೆಕ್ಕ ಹಿಡಿದರು, ಪತ್ರಗಳು ಹೋದವು. 2001ರ ಡಿಸೆಂಬರ್‌ನಲ್ಲಿ, ಇನ್ನೇನು ಕೆಲಸ ಶುರುವಾಗಬೇಕು ಅನ್ನುವಾಗ, ಸರಕಾರ ಯೋಜನೆಯನ್ನು ಮುಂದೂಡಿತು. ರದ್ದು ಮಾಡಲಿಲ್ಲ, ಮುಂದೂಡಿತು. ಸಿಂಗಪುರ ನೆಲದ ವಿಷಯದಲ್ಲಿ ಅಷ್ಟು ಮಾಡಿದ್ದೂ ದೊಡ್ಡದೇ.

2007ರಲ್ಲಿ ಇಲ್ಲಿ ಹಲಗೆ ದಾರಿ ತೆರೆದರು. ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅರ್ಧ ಕಡಲ ಮೇಲೆ, ಅರ್ಧ ಕಾಂಡ್ಲಾದ ಒಳಗೆ. ಸೈಕಲ್ ಹೊರಗೇ ನಿಲ್ಲಿಸಬೇಕು. ಇಲ್ಲಿ ಎಲ್ಲವೂ ನೀರಿನ ಮಟ್ಟದ ಮೇಲಿದೆ. ಉಬ್ಬರದಲ್ಲಿ ಹೋದರೆ ಎರಡೂ ಕಡೆ ಬರೀ ನೀರು, "ಇಷ್ಟಕ್ಕೆ ಬಂದೆವಾ" ಅನ್ನಿಸುತ್ತದೆ. ಇಳಿತದಲ್ಲಿ ಹೋದರೆ ಅದೇ ಜಾಗದಲ್ಲಿ ಕೆಸರಿಗೆ ಜೀವ ಬಂದಿರುತ್ತದೆ. ಬಾಗಿ ಒಂದೇ ಕಡೆ ಎರಡು ನಿಮಿಷ ಕದಲದೆ ನೋಡಿ. ಮೊದಲು ಏನೂ ಇಲ್ಲ. ಆಮೇಲೆ ತೂತುಗಳಿಂದ ಏಡಿಗಳು ಹೊರಗೆ ಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಸಣ್ಣದು. ದೊಡ್ಡದನ್ನು ಎತ್ತಿ ಎತ್ತಿ ಬೀಸುತ್ತದೆ, ಸಣ್ಣದರಲ್ಲಿ ಕೆಸರು ಬಾಯಿಗೆ ಹಾಕುತ್ತದೆ. ಪಕ್ಕದಲ್ಲಿ ಮಡ್‌ಸ್ಕಿಪರ್ ಮೀನು ರೆಕ್ಕೆಯ ಮೇಲೆ ಮೈ ಊರಿ ನೀರಿಲ್ಲದ ಕಡೆ ತೆವಳುತ್ತದೆ. ನೆರಳು ಬಿದ್ದರೆ ಎಲ್ಲ ಮಾಯ. ಅರ್ಧ ಮೀಟರ್ ಅಥವಾ ಅದಕ್ಕಿಂತ ಕಡಿಮೆ ಮಟ್ಟದ ಇಳಿತ ಹಗಲು ಹೊತ್ತಿನಲ್ಲಿ ಯಾವ ದಿನ ಇದೆ ಅಂತ ಹವಾಮಾನ ಇಲಾಖೆಯವರ ಪಟ್ಟಿಯಲ್ಲಿ ನೋಡಿ, ಆ ದಿನಕ್ಕೆ ಉಬಿನ್ ಇಟ್ಟುಕೊಳ್ಳಿ. ಮಿಕ್ಕ ಪ್ರವಾಸವನ್ನು ಅದರ ಸುತ್ತ ಹೊಂದಿಸಿ. ಹಲಗೆ ದಾರಿಯ ಕೆಲವು ಭಾಗ ದುರಸ್ತಿಗೆ ಮುಚ್ಚುವುದೂ ಉಂಟು, ಇಲ್ಲಿನ ಉದ್ಯಾನ ಮಂಡಳಿಯಾದ ಎನ್‌ಪಾರ್ಕ್ಸ್‌ನವರ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ.

ಚೆಕ್ ಜಾವಾದ ಬಾಗಿಲಲ್ಲಿ 1930ರ ದಶಕದ ಒಂದು ಇಂಗ್ಲಿಷ್ ಬಂಗಲೆ ಇದೆ. ಒಳಗೆ ಚಳಿ ಕಾಯಿಸುವ ಬೆಂಕಿಗೂಡು. ಈ ಸೆಕೆಯಲ್ಲಿ ಅದನ್ನು ಕಟ್ಟಿಸಿದ ಬ್ರಿಟಿಷ್ ಅಧಿಕಾರಿಗೆ ಮನೆಯ ನೆನಪು ಅದೆಷ್ಟು ಕಾಡಿತ್ತೋ. ಪಕ್ಕದ ಜೆಜಾವಿ ಗೋಪುರ ಏಳು ಅಂತಸ್ತಿನ ಕಟ್ಟಡದಷ್ಟು ಎತ್ತರ. ಮೆಟ್ಟಿಲು ಹತ್ತುವ ಶಕ್ತಿ ಇದ್ದರೆ ಮರಗಳ ತುದಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ಕಾಣುವ ಸಾಧ್ಯತೆ ಚೆನ್ನಾಗಿದೆ. ಸಿಂಗಪುರದಲ್ಲಿ ಕಣ್ಮರೆಯಾಗಿದ್ದ ಈ ಹಕ್ಕಿ 1990ರ ದಶಕದಲ್ಲಿ ಮತ್ತೆ ಕಾಣಿಸಿಕೊಂಡದ್ದು ಉಬಿನ್‌ನಲ್ಲೇ. ಆಮೇಲೆ ಕೃತಕ ಗೂಡುಪೆಟ್ಟಿಗೆ ಇಟ್ಟು ಸಂಖ್ಯೆ ಹೆಚ್ಚಿಸಿದರು. ದಾಂಡೇಲಿಯಲ್ಲಿ ಕಪ್ಪುಬಿಳುಪು ಮಂಗಟ್ಟೆ ನೋಡಿದವರಿಗೆ ಇದು ಅದರ ಹತ್ತಿರದ ನೆಂಟ ಅಂತ ಕೊಕ್ಕಿನ ಮೇಲಿನ ಕಿರೀಟ ನೋಡಿದರೇ ಗೊತ್ತಾಗುತ್ತದೆ.

ಪಶ್ಚಿಮ ದಿಕ್ಕಿಗೆ ಕೆಟಾಮ್ ಅನ್ನುವಲ್ಲಿ ಮೌಂಟನ್ ಬೈಕಿನವರ ಕಚ್ಚಾದಾರಿಗಳಿವೆ, ಹುಡುಗರಿಗೆ ಖುಷಿ. ಅಲ್ಲೇ ಹತ್ತಿರ ಜರ್ಮನ್ ಹುಡುಗಿಯ ಗುಡಿ. ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಕಾಫಿ ತೋಟದ ಜರ್ಮನ್ ಕುಟುಂಬವನ್ನು ಹಿಡಿಯಲು ಬಂದರಂತೆ, ಓಡಿಹೋದ ಮಗಳು ಬೆಟ್ಟದ ಅಂಚಿನಿಂದ ಬಿದ್ದು ಸತ್ತಳಂತೆ, ಸ್ಥಳೀಯರು ಅವಳನ್ನು ದೇವರಾಗಿ ಪೂಜಿಸತೊಡಗಿದರಂತೆ. ಕತೆಗೆ ಕಾಗದಪತ್ರದ ಆಧಾರ ಕೇಳಬೇಡಿ. ಗರ್ಭಗುಡಿಯ ಜಾಗದಲ್ಲಿ ಒಂದು ಬಾರ್ಬಿ ಗೊಂಬೆ, ಮುಂದೆ ಹರಕೆಯಾಗಿ ಬಂದ ಸೆಂಟು, ಪೌಡರು, ಉಗುರುಬಣ್ಣ, ಕನ್ನಡಿ. ನಗು ಬಂದರೂ ಒಳಗೇ ಇಟ್ಟುಕೊಳ್ಳಿ, ಅಲ್ಲಿ ಕೈಮುಗಿಯುವವರು ನಿಜಕ್ಕೂ ಕೈಮುಗಿಯುತ್ತಾರೆ.

ಉಬಿನ್‌ನ ತೊಂದರೆಗಳೂ ಇವೆ. ಸೊಳ್ಳೆ ವಿಪರೀತ. ಮಂಗಗಳಿಗೂ ಕಾಡುಹಂದಿಗಳಿಗೂ ಪ್ಲಾಸ್ಟಿಕ್ ಚೀಲದ ಸದ್ದು ಚೆನ್ನಾಗಿ ಗೊತ್ತು. ತಿಂಡಿ ಬೆನ್ನಚೀಲದ ಒಳಗೇ ಇರಲಿ, ಕೈಯಲ್ಲಿ ಕವರು ಹಿಡಿದು ನಡೆಯಬೇಡಿ. ಮರಿಗಳ ಜೊತೆಗಿರುವ ಹಂದಿಯ ಹತ್ತಿರ ಫೋಟೋ ಆಸೆಗೆ ಹೋಗಬೇಡಿ. ಈಜುವುದಕ್ಕೆ ಇದು ಜಾಗವೇ ಅಲ್ಲ. ಇನ್ನೊಂದು, ಕೆಲವರ ಬಿಲ್ ಏರಿಸುವ ವಿಷಯ: ದ್ವೀಪದ ಉತ್ತರದಂಚಿಗೆ ಬಂದರೆ ಮೊಬೈಲು ಎದುರು ದಡದ ಮಲೇಷ್ಯಾ ಟವರ್ ಹಿಡಿದುಬಿಡುತ್ತದೆ. ದೋಣಿ ಹತ್ತುವಾಗಲೇ ರೋಮಿಂಗ್ ಆಫ್ ಮಾಡಿ.

ಸೇಂಟ್ ಜಾನ್ಸ್ ಮತ್ತು ಲಾಜರಸ್: ಕಡಲಿಗೆ ಇಳಿಯಬೇಕೆಂದರೆ

ನಿಮಗೆ ಬೇಕಾದ್ದು ಹಳ್ಳಿ, ಕಾಡು ಅಲ್ಲ, ಮರಳಿನ ಮೇಲೆ ಟವಲು ಹಾಸಿ ಮಲಗುವುದು, ಮಕ್ಕಳನ್ನು ನೀರಿಗೆ ಬಿಡುವುದು ಅಂತಾದರೆ ಉಬಿನ್ ಮರೆತು ದಕ್ಷಿಣಕ್ಕೆ ಬನ್ನಿ. ಫೆರಿ ಸೇಂಟ್ ಜಾನ್ಸ್‌ಗೆ ಬಿಡುತ್ತದೆ. ಅಲ್ಲಿಂದ ಕಾಸ್‌ವೇ ಮೇಲೆ ನಡೆದರೆ ಹದಿನೈದು–ಇಪ್ಪತ್ತು ನಿಮಿಷಕ್ಕೆ ಲಾಜರಸ್‌ನ ಈಗಲ್ ಬೇ. ಬಿಲ್ಲಿನ ಹಾಗೆ ಬಾಗಿದ ಬಿಳಿ ಮರಳು, ಅಲೆಯಿಲ್ಲದ ಶಾಂತ ನೀರು. ಮರಳು ಹೊರಗಿನಿಂದ ತಂದು ಸುರಿದದ್ದು, ದಂಡೆಯೂ ಮಾನವ ನಿರ್ಮಿತ. ಆದರೂ ಚೆನ್ನಾಗಿದೆ ಅಂತ ಒಪ್ಪಿಕೊಳ್ಳಲೇಬೇಕು. ಲೈಫ್‌ಗಾರ್ಡ್ ಇಲ್ಲ, ಮಕ್ಕಳ ಮೇಲೆ ದೊಡ್ಡವರ ಕಣ್ಣು ಇರಲಿ. ನೆರಳು ಕಡಿಮೆ. ಹನ್ನೆರಡರಿಂದ ಮೂರರವರೆಗಿನ ಬಿಸಿಲಿಗೆ ಕೊಡೆ ತಂದವರೇ ಜಾಣರು.

ಶಾಂತಿಯ ವಿಷಯದಲ್ಲಿ ಮಾತ್ರ ಒಂದು ತಕರಾರು. ವಾರದ ದಿನ ಲಾಜರಸ್ ನಿಜಕ್ಕೂ ಖಾಲಿ. ಶನಿವಾರ, ಭಾನುವಾರ ಮಧ್ಯಾಹ್ನ ಕೊಲ್ಲಿಯಲ್ಲಿ ಯಾಟ್‌ಗಳು ಬಂದು ಲಂಗರು ಹಾಕುತ್ತವೆ, ಸ್ಪೀಕರ್ ಹಾಡು ದಡದವರೆಗೂ ಬರುತ್ತದೆ. ನಿಶ್ಶಬ್ದಕ್ಕಾಗಿ ಹೋಗುವವರು ಮಂಗಳವಾರ, ಬುಧವಾರ ಹೋಗಿ. ಅವತ್ತು ಫೆರಿ ಕಡಿಮೆ ಅನ್ನುವುದೇ ಅಲ್ಲಿನ ನೆಮ್ಮದಿಗೆ ಕಾರಣ.

ಮರಳಿಗೆ ಓಡುವ ಅವಸರದಲ್ಲಿ ಹೆಚ್ಚಿನವರು ಸೇಂಟ್ ಜಾನ್ಸ್ ಅನ್ನು ನೋಡದೆ ದಾಟುತ್ತಾರೆ. ನನಗೆ ಈ ದಕ್ಷಿಣದ ಗುಂಪಿನಲ್ಲಿ ಹೆಚ್ಚು ಇಷ್ಟವಾದದ್ದು ಇದೇ. 1819ರ ಜನವರಿಯಲ್ಲಿ, ಸಿಂಗಪುರದಲ್ಲಿ ಬ್ರಿಟಿಷ್ ನೆಲೆ ಹಾಕಿದ ರಾಫಲ್ಸ್‌ನ ಹಡಗು ಮೊದಲು ಲಂಗರು ಹಾಕಿದ್ದು ಈ ದ್ವೀಪದ ಬಳಿ. 1873ರಲ್ಲಿ ಊರಿಗೆ ಕಾಲರಾ ಬಂತು, ಮರುವರ್ಷ ಇಲ್ಲಿ ಕ್ವಾರಂಟೈನ್ ಠಾಣೆ ಶುರುವಾಯಿತು. ಆಮೇಲಿನ ದಶಕಗಳಲ್ಲಿ ಚೀನಾದಿಂದ, ಭಾರತದಿಂದ ಡೆಕ್ಕಿನ ಮೇಲೆ ಕೂತು ಬಂದ ಕೂಲಿಯಾಳುಗಳು, ಮೆಕ್ಕಾದಿಂದ ಮರಳುವ ಯಾತ್ರಿಕರು ಊರಿನ ನೆಲ ಮುಟ್ಟುವ ಮೊದಲು ಇಲ್ಲಿ ದಿನ ಎಣಿಸಿದರು. ಕಿಟಕಿಯಿಂದ ಸಿಂಗಪುರ ಕಾಣುತ್ತದೆ, ಹೋಗುವಂತಿಲ್ಲ. ಕ್ವಾರಂಟೈನ್ ಅಂದರೆ ಏನು ಅಂತ ನಮ್ಮ ಕಾಲದವರಿಗೂ ಈಗ ವಿವರಿಸಬೇಕಿಲ್ಲ. ಎರಡನೇ ಮಹಾಯುದ್ಧದ ನಂತರ ರಾಜಕೀಯ ಬಂಧಿಗಳನ್ನು ಇಲ್ಲಿಟ್ಟರು. ಅವರಲ್ಲಿ ಒಬ್ಬರಾದ ದೇವನ್ ನಾಯರ್ ಮುಂದೆ ದೇಶದ ಅಧ್ಯಕ್ಷರಾದರು. ಅಫೀಮು ಚಟದವರ ಚಿಕಿತ್ಸಾ ಕೇಂದ್ರವೂ ಇಲ್ಲಿತ್ತು. ಇವತ್ತು ಕಾಣುವುದು ಹಳೇ ಕಟ್ಟಡಗಳು, ದೊಡ್ಡ ಮರಗಳ ನೆರಳು, ಕಡಲ ಜೀವಿಗಳ ಪ್ರಯೋಗಾಲಯ ಒಂದು, ಮತ್ತೆ ಎಲ್ಲಿ ನೋಡಿದರೂ ಬೆಕ್ಕುಗಳು. ನಡೆಯಲು ಹೆಚ್ಚಿಗೆ ಏರಿಲ್ಲ, ವಯಸ್ಸಾದವರಿಗೆ ಉಬಿನ್‌ಗಿಂತ ಸುಲಭ. ಎದುರಿಗೆ ಸರದಿಗೆ ಕಾಯುವ ಸರಕು ಹಡಗುಗಳ ಸಾಲು. ಹಡಗು ನೋಡುತ್ತಾ ಕೂತರೆ ನನ್ನಂಥವರಿಗೆ ಮಧ್ಯಾಹ್ನ ಹೋದದ್ದೇ ತಿಳಿಯುವುದಿಲ್ಲ. ಬೇರೆಯವರಿಗೆ ಬೇಸರ ಬರಬಹುದು.

ಲಾಜರಸ್‌ನಲ್ಲಿ ಈಗ ಪುಟ್ಟ ಮನೆಗಳನ್ನು ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಬೆಲೆ ಕೈಸುಡುತ್ತದೆ. ಕೊನೆಯ ಫೆರಿ ಹೋದ ಮೇಲಿನ ದ್ವೀಪವನ್ನು ನೋಡುವ ಆಸೆ ಇದ್ದವರಿಗೆ ಬಿಟ್ಟರೆ ಬೇರೆಯವರಿಗೆ ನಾನು ಹೇಳುವುದಿಲ್ಲ.

ಕುಸು: ಜೊತೆಗೆ ಸೇರಿಸಿಕೊಳ್ಳಿ, ಒಂದನ್ನೇ ಬೇಡ

ಒಂದು ಗಂಟೆಯಲ್ಲಿ ನೋಡಿ ಮುಗಿಯುವ ದ್ವೀಪ. ಮೊದಲು ಇನ್ನೂ ಚಿಕ್ಕದಿತ್ತು, 1970ರ ದಶಕದಲ್ಲಿ ಮಣ್ಣು ತುಂಬಿ 8.5 ಹೆಕ್ಟೇರ್‌ಗೆ ಹಿಗ್ಗಿಸಿದರು. ಹಡಗೊಡೆದ ಇಬ್ಬರು ನಾವಿಕರನ್ನು, ಒಬ್ಬ ಚೀನೀಯ, ಒಬ್ಬ ಮಲಯ, ಉಳಿಸಲು ಆಮೆಯೊಂದು ತಾನೇ ದ್ವೀಪವಾಯಿತು ಅನ್ನುವುದು ಇಲ್ಲಿನ ಐತಿಹ್ಯ. ಅದಕ್ಕೆ ತಕ್ಕ ಹಾಗೆ 1923ರ ಚೀನೀ ದೇವಸ್ಥಾನವೂ ಇದೆ, ಗುಡ್ಡದ ಮೇಲೆ ಮಲಯ ಸಂತರ ಮೂರು ಗೋರಿಗಳೂ ಇವೆ. ಗೋರಿಗಳ ಮೇಲಿನ ಗುಡಿ 2022ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಮೆಟ್ಟಿಲು ಹತ್ತುವ ಮೊದಲು ಕೆಳಗಿನ ಬೋರ್ಡು ಓದಿಕೊಳ್ಳಿ. ದೇವಸ್ಥಾನದ ಪಕ್ಕದ ಕೊಳದಲ್ಲಿ ಆಮೆಗಳು, ಎದುರು ದಂಡೆಯಲ್ಲಿ ಸಿಂಗಪುರದ ಗಗನಚುಂಬಿಗಳ ಪೂರ್ತಿ ಸಾಲು. ಫೋಟೋಕ್ಕೆ ಈ ಪಟ್ಟಿಯಲ್ಲಿ ಇದೇ ಮೇಲು.

ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವೆ ಎಲ್ಲೋ, ಇಲ್ಲಿ ಯಾತ್ರೆ ನಡೆಯುತ್ತದೆ. ಆ ತಿಂಗಳಿಡೀ ಫೆರಿಗಳು ಜಾಸ್ತಿ, ಜನ ಜಾಸ್ತಿ, ಊದುಬತ್ತಿ ಹೊಗೆ ಜಾಸ್ತಿ. ಜಾತ್ರೆ ಇಷ್ಟಪಡುವವರು ಬೇಕಂತಲೇ ಆಗ ಹೋಗಿ. ಏಕಾಂತ ಬೇಕೆನ್ನುವವರು ಆ ತಿಂಗಳು ಅತ್ತ ತಲೆಯೂ ಹಾಕಬೇಡಿ.

ಬಿಗ್ ಸಿಸ್ಟರ್ಸ್ 2024ರ ಅಕ್ಟೋಬರ್‌ನಲ್ಲಿ ದುರಸ್ತಿ ಮುಗಿದು ಮತ್ತೆ ತೆರೆಯಿತು. ಸಿಂಗಪುರದ ಮೊದಲ ಕಡಲ ಉದ್ಯಾನದ ಭಾಗ. ಹವಳ, ಕಡಲಜೀವಿಗಳಲ್ಲಿ ಆಸಕ್ತಿ ಇರುವ ಮಕ್ಕಳಿದ್ದರೆ ಸರಿ, ಇಲ್ಲವಾದರೆ ಮೊದಲ ಭೇಟಿಗೆ ಇದನ್ನು ಆರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಊಟ

ನಮ್ಮವರ ದೊಡ್ಡ ಪ್ರಶ್ನೆ ಇದು. ದಕ್ಷಿಣದ ದ್ವೀಪಗಳಲ್ಲಿ ಊಟದ ಹೋಟೆಲು ಅಂತ ನಂಬಿಕೊಂಡು ಹೋಗಬೇಡಿ. ಕುಸುವಿನಲ್ಲಂತೂ ಯಾತ್ರೆಯ ಹೊತ್ತು ಬಿಟ್ಟರೆ ನೀರಿನ ಬಾಟಲಿಯೂ ಸಿಗುವ ಖಾತ್ರಿಯಿಲ್ಲ. ತಲಾ ಎರಡು ಲೀಟರ್ ನೀರು ಹೊತ್ತೇ ಹೋಗಬೇಕು.

ಉಬಿನ್‌ನಲ್ಲಿ ಜೆಟ್ಟಿಯ ಹತ್ತಿರ ಹೋಟೆಲುಗಳಿವೆ, ಎಲ್ಲ ಮೀನು, ಏಡಿ, ಸೀಗಡಿಯವು. ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳು ಬರೀ ತರಕಾರಿ ಅಂತ ಹೇಳಿ ಸೊಪ್ಪು ತರಿಸಿಕೊಂಡರೂ ಅದರಲ್ಲಿ ಸೀಗಡಿಯ ಪೇಸ್ಟು ಅಥವಾ ಆಯ್‌ಸ್ಟರ್ ಸಾಸ್ ಇರುವ ಸಂಭವ ಜಾಸ್ತಿ. ಎಳನೀರು ಮಾತ್ರ ಯಾವ ಅನುಮಾನವೂ ಇಲ್ಲದೆ ಕುಡಿಯಿರಿ. ಮನೆಯಿಂದ ಹೊರಡುವವರಿಗೆ ಪುಳಿಯೋಗರೆ, ಚಿತ್ರಾನ್ನ, ಚಪಾತಿ ಪಲ್ಯ ಕಟ್ಟಿಕೊಳ್ಳುವುದು ಹೇಳಿಕೊಡಬೇಕಿಲ್ಲ. ಹೋಟೆಲಿನಲ್ಲಿ ಉಳಿದುಕೊಂಡಿರುವವರು ಸೆರಂಗೂನ್ ರಸ್ತೆಯ ಎಂಟಿಆರ್‌ನಿಂದ ಇಡ್ಲಿ ಪಾರ್ಸೆಲ್ ತರಬಹುದು. ಕಾಯಿಚಟ್ನಿ ಈ ಸೆಕೆಗೆ ಮಧ್ಯಾಹ್ನದವರೆಗೆ ತಡೆಯುವುದಿಲ್ಲ. ಚಟ್ನಿಪುಡಿ, ಎಣ್ಣೆ ಸವರಿಕೊಂಡು ಹೋಗಿ. ಮೊಸರನ್ನವನ್ನು ತಂಪು ಡಬ್ಬಿ ಇಲ್ಲದೆ ಒಯ್ಯಬೇಡಿ.

ಯಾರಿಗೆ ಯಾವುದು

ಮೊದಲ ಸಲ, ಒಂದೇ ದಿನ ಇದೆ, ಮನೆಮಂದಿಯ ಮಂಡಿಗಳು ಪರವಾಗಿಲ್ಲ: ಉಬಿನ್. ಬೆಳಿಗ್ಗೆ ಎಂಟರೊಳಗೆ ಚಾಂಗಿ ವಿಲೇಜ್ ಮುಟ್ಟಿ. ತಾನಾ ಮೇರಾ ಎಂಆರ್‌ಟಿಯಿಂದ 2ನೇ ನಂಬರಿನ ಬಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಚಿಕ್ಕ ಮಕ್ಕಳಿದ್ದು ಅವರಿಗೆ ನೀರು ಬೇಕೇ ಬೇಕು ಅಂದರೆ ಲಾಜರಸ್, ಅದೂ ವಾರದ ದಿನ. ಎಪ್ಪತ್ತು ದಾಟಿದ ಅಪ್ಪ–ಅಮ್ಮನ ಜೊತೆ ಹೋಗುವಾಗ ನಾನಾದರೆ ಸೇಂಟ್ ಜಾನ್ಸ್ ಮತ್ತು ಕುಸು ಒಂದೇ ಟಿಕೆಟ್‌ನಲ್ಲಿ ಮುಗಿಸುತ್ತೇನೆ. ಬಂಬೋಟ್‌ಗೆ ಹತ್ತುವಾಗ ಮೆಟ್ಟಿಲಿಂದ ಅಲುಗಾಡುವ ದೋಣಿಗೆ ಕಾಲಿಡಬೇಕು, ಫೆರಿಗೆ ಆ ತಾಪತ್ರಯ ಕಡಿಮೆ. ಆದರೆ ಹಳ್ಳಿಯಲ್ಲೇ ಬೆಳೆದ ಅಪ್ಪನಾದರೆ ಈ ಲೆಕ್ಕ ತಲೆಕೆಳಗು. ಅವರಿಗೆ ಹಡಗು, ಗಗನಚುಂಬಿಗಿಂತ ಉಬಿನ್‌ನ ತಗಡಿನ ಮನೆ, ಹಲಸಿನ ಮರ, ಅಂಗಳದ ಕೋಳಿಯೇ ಹಿಡಿಸುತ್ತದೆ. ಕೈಹಿಡಿದು ದೋಣಿಗೆ ಹತ್ತಿಸಿ, ಚೆಕ್ ಜಾವಾಕ್ಕೆ ವ್ಯಾನ್ ಮಾಡಿ.

ಡಿಸೆಂಬರ್, ಜನವರಿಯಲ್ಲಿ ಬರುವವರಿಗೆ ಮಳೆಯ ಲೆಕ್ಕವೂ ಬೇಕು. ಈಶಾನ್ಯ ಮಾನ್ಸೂನ್ ಹೊತ್ತಿಗೆ ದಿನವಿಡೀ ಜಿಟಿಜಿಟಿ ಹಿಡಿಯುವುದುಂಟು. ಉಳಿದ ತಿಂಗಳುಗಳಲ್ಲೂ ಮಧ್ಯಾಹ್ನದ ಗುಡುಗುಮಳೆ ಮಾಮೂಲು. ಲಾಜರಸ್‌ನ ಮರಳಿನ ಮೇಲೆ ಮಳೆ ಸಿಕ್ಕಿಹಾಕಿಕೊಂಡರೆ ಓಡಿಹೋಗಿ ನಿಲ್ಲುವ ಜಾಗ ದೂರ, ಫೆರಿಯೂ ಅದರ ಹೊತ್ತಾಗುವತನಕ ಬಾರದು. ಉಬಿನ್‌ನಲ್ಲಿ ಅಂಗಡಿಯ ಮಾಡು ಇದೆ, ದಾರಿಯುದ್ದಕ್ಕೂ ಅಲ್ಲಲ್ಲಿ ತಂಗುಮಾಡುಗಳಿವೆ, ಮಳೆ ನಿಂತೊಡನೆ ಹನ್ನೆರಡು ಜನ ಸೇರಿದರೆ ದೋಣಿ ಹೊರಡುತ್ತದೆ. ಮುಗಿಲು ಕವಿದ ಬೆಳಿಗ್ಗೆ ಯಾವ ಪಿಯರ್‌ಗೆ ಹೋಗುವುದು ಅನ್ನುವ ಅನುಮಾನ ಬಂದರೆ ಚಾಂಗಿಯ ಬಸ್ಸು ಹತ್ತಿ. ಹಲಗೆ ದಾರಿಯ ಮೇಲೆ ಇರುವಾಗ ಸಿಡಿಲು ಶುರುವಾದರೆ ಮಾತ್ರ ಏಡಿ ನೋಡುವುದು ಸಾಕು ಮಾಡಿ ಒಳಗೆ ಬನ್ನಿ.